ಅಮೆರಿಕದ ಸಾಮಾಜಿಕ ಭದ್ರತೆಯಲ್ಲಿ ಅರೆಕಾಲಿಕ ಕೆಲಸ

ಅಮೆರಿಕ ಸಂಯುಕ್ತ ಸಂಸ್ಥಾನದ ಸಾಮಾಜಿಕ ಭದ್ರತಾ ವ್ಯವಸ್ಥೆಯಲ್ಲಿ ಅಂಗವೈಕಲ್ಯ ಭತ್ಯೆ ಅಥವಾ ನಿವೃತ್ತಿ ವೇತನ ಪಡೆಯುವವರು ಅರೆಕಾಲಿಕ ಕೆಲಸ ಮಾಡಬಹುದು. ಆದರೆ ಗಳಿಕೆಯ ಪರಿಣಾಮ ಈ ಎರಡು ಸೌಲಭ್ಯಗಳ ಮೇಲೆ ಒಂದೇ ಬಗೆಯದಲ್ಲ. ನಿವೃತ್ತಿ ವೇತನಕ್ಕೆ 1935ರ ಸಾಮಾಜಿಕ ಭದ್ರತಾ ಕಾಯಿದೆಯೂ ಅಂಗವೈಕಲ್ಯ ಭತ್ಯೆಗೆ 1956ರ ತಿದ್ದುಪಡಿಯೂ ಆಧಾರವಾಗಿವೆ. ಗಳಿಕೆಯ ಮಿತಿಗಳನ್ನು ಸಾಮಾನ್ಯವಾಗಿ ಪ್ರತಿವರ್ಷ ಪರಿಷ್ಕರಿಸಲಾಗುತ್ತದೆ. ಇಲ್ಲಿನ ಮಿತಿಗಳು 2024ನೇ ವರ್ಷದವು.

ಅಂಗವೈಕಲ್ಯ ಭತ್ಯೆ

ಭತ್ಯೆ ಪಡೆಯುವವರು ಮತ್ತೆ ದುಡಿಯಲು ಸಾಧ್ಯವೇ ಎಂದು ಪರೀಕ್ಷಿಸಿಕೊಳ್ಳಲು 9 ತಿಂಗಳ ಪ್ರಾಯೋಗಿಕ ಅವಧಿಯಿದೆ. 1,110 ಡಾಲರಿಗಿಂತ ಹೆಚ್ಚು ಗಳಿಸಿದ ತಿಂಗಳು ಇದರಲ್ಲಿ ಎಣಿಕೆಯಾಗುತ್ತದೆ. ಈ ತಿಂಗಳುಗಳು ಸತತವಾಗಿರಬೇಕಿಲ್ಲ. 60 ತಿಂಗಳೊಳಗೆ ಬಂದರೆ ಸಾಕು. ಈ ಅವಧಿಯಲ್ಲಿ ಗಳಿಕೆ ಎಷ್ಟಿದ್ದರೂ ಪೂರ್ಣ ಭತ್ಯೆ ದೊರೆಯುತ್ತದೆ.

ಅನಂತರದ 36 ತಿಂಗಳಲ್ಲಿ ಮಾಸಿಕ ಮಿತಿ 1,550 ಡಾಲರ್. ಅಂಧರಿಗೆ 2,590 ಡಾಲರ್. ಮಿತಿಯನ್ನು ಮೊದಲ ಬಾರಿ ಮೀರಿದ ತಿಂಗಳು ಮತ್ತು ಮುಂದಿನ ಎರಡು ತಿಂಗಳು ಭತ್ಯೆ ಮುಂದುವರಿಯುತ್ತದೆ. ಆಮೇಲೆ 1,500 ಡಾಲರ್ ಗಳಿಸಿದವರಿಗೆ ಆ ತಿಂಗಳ ಭತ್ಯೆ ಪೂರ್ಣವಾಗಿ ದೊರೆತರೆ, 1,600 ಡಾಲರ್ ಗಳಿಸಿದವರಿಗೆ ಏನೂ ದೊರೆಯುವುದಿಲ್ಲ. ಅಂಗವೈಕಲ್ಯದ ಕಾರಣ ಕೆಲಸಕ್ಕೆ ಅಗತ್ಯವಾದ ಕೆಲವು ವೆಚ್ಚಗಳನ್ನು ಗಳಿಕೆಯಿಂದ ಕಳೆಯಲು ಅವಕಾಶವಿದೆ. ಗಳಿಕೆಯಿಂದಾಗಿ ಭತ್ಯೆ ನಿಂತವರು, ಅದೇ ವೈಕಲ್ಯದಿಂದ ಮತ್ತೆ ದುಡಿಯಲಾಗದಿದ್ದರೆ, 5 ವರ್ಷಗಳೊಳಗೆ ಅದರ ಪುನರಾರಂಭವನ್ನು ಕೋರಬಹುದು.

ನಿವೃತ್ತಿ ವೇತನ

ನಿವೃತ್ತಿ ವೇತನವನ್ನು 62ನೇ ವಯಸ್ಸಿನಿಂದ ಪಡೆಯಬಹುದು. 1960ರಲ್ಲಿ ಅಥವಾ ಅನಂತರ ಜನಿಸಿದವರ ಪೂರ್ಣ ನಿವೃತ್ತಿ ವಯಸ್ಸು 67. ಅದಕ್ಕೆ ಮುನ್ನಿನ ವರ್ಷಗಳಲ್ಲಿ ವಾರ್ಷಿಕ ಗಳಿಕೆ 22,320 ಡಾಲರ್ ಮೀರಿದರೆ, ಮೀರಿದ ಪ್ರತಿ 2 ಡಾಲರಿಗೆ 1 ಡಾಲರ್ ತಡೆಹಿಡಿಯಲಾಗುತ್ತದೆ. ಉದಾಹರಣೆಗೆ, 26,320 ಡಾಲರ್ ಗಳಿಸಿದವರಿಗೆ 2,000 ಡಾಲರ್ ಕಡಿತವಾಗುತ್ತದೆ. ಬಡ್ಡಿ, ಬಂಡವಾಳದ ಲಾಭಾಂಶ ಮುಂತಾದ ಆದಾಯ ಈ ಲೆಕ್ಕಕ್ಕೆ ಬರುವುದಿಲ್ಲ.

ಈ ಕಡಿತ ಶಾಶ್ವತ ನಷ್ಟವಲ್ಲ. ಪೂರ್ಣ ನಿವೃತ್ತಿ ವಯಸ್ಸಿನಲ್ಲಿ, ತಡೆಹಿಡಿದ ತಿಂಗಳುಗಳನ್ನು ಪರಿಗಣಿಸಿ ಮಾಸಿಕ ಮೊತ್ತವನ್ನು ಹೆಚ್ಚಿಸಲಾಗುತ್ತದೆ. ಆ ವಯಸ್ಸು ತಲುಪಿದವರಿಗೆ ಗಳಿಕೆಯ ಮಿತಿಯನ್ನು 2000ದ ಕಾಯಿದೆ ರದ್ದುಗೊಳಿಸಿತು.

ದೀರ್ಘಕಾಲೀನ ಪರಿಣಾಮ

ನಿವೃತ್ತಿ ವೇತನವನ್ನು ಅತಿ ಹೆಚ್ಚು ಗಳಿಕೆಯ 35 ವರ್ಷಗಳ ಸರಾಸರಿಯಿಂದ ನಿರ್ಧರಿಸಲಾಗುತ್ತದೆ. ಪೂರ್ಣಕಾಲಿಕ ದುಡಿಮೆಯ ಬದಲಿಗೆ ಅನೇಕ ವರ್ಷ ಅರೆಕಾಲಿಕವಾಗಿ ದುಡಿದರೆ ಸರಾಸರಿ ಕುಗ್ಗುತ್ತದೆ. ಆದರೆ 35 ವರ್ಷ ತುಂಬದವರ ಲೆಕ್ಕದಲ್ಲಿ ಉಳಿದ ವರ್ಷಗಳು ಸೊನ್ನೆಯಾಗಿರುವುದರಿಂದ, ಅಂಥವರಿಗೆ ಇಳಿವಯಸ್ಸಿನ ಅಲ್ಪ ಗಳಿಕೆಯೂ ವೇತನವನ್ನು ಹೆಚ್ಚಿಸಬಲ್ಲದು.