ಮನೆಯ ಲ್ಯಾಪ್‌ಟಾಪಿಗೊಬ್ಬ ಪಾರುಪತ್ಯಗಾರ

ಎತ್ತು ಕೊಳ್ಳುವವನು ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಯಿಸಿ ಕೊಳ್ಳುತ್ತಾನೆ. ತುಂಗಭದ್ರೆಯ ಎಡದಂಡೆ ನಾಲೆಯ ಬಯಲಿನಲ್ಲಿ ಭತ್ತದ ಬೀಜ ತರುವವನೂ ನೆರೆಯವನ ಗದ್ದೆಯನ್ನು ಕಣ್ಣಾರೆ ಕಂಡ ಬಳಿಕವೇ ತಳಿಯನ್ನು ಆರಿಸುತ್ತಾನೆ. ಆದರೆ ಮೂವತ್ತು ನಲವತ್ತು ಸಾವಿರ ರೂಪಾಯಿ ತೆತ್ತು ಲ್ಯಾಪ್‌ಟಾಪ್ ಕೊಳ್ಳುವ ಗೃಹಸ್ಥನು ಮಾತ್ರ ಅದರ ಬಣ್ಣ, ಪರದೆಯ ಅಗಲ, ಬೆಲೆ ಇಷ್ಟನ್ನೇ ವಿಚಾರಿಸಿ ಮನೆಗೆ ಬರುತ್ತಾನೆ. ಯಂತ್ರದ ಒಳಗೆ ಕುಳಿತು ಅದನ್ನು ನಡೆಯಿಸುವವನು ಯಾರು ಎಂಬ ಪ್ರಶ್ನೆ ಅವನಿಗೆ ಹೊಳೆಯುವುದೇ ಇಲ್ಲ.

ಹಾಗೆ ಒಳಗೆ ಕುಳಿತು ನಡೆಯಿಸುವುದೇ ಆಪರೇಟಿಂಗ್ ಸಿಸ್ಟಮ್. ಕನ್ನಡದಲ್ಲಿ ಕಾರ್ಯಾಚರಣೆ ವ್ಯವಸ್ಥೆ ಎನ್ನುತ್ತಾರೆ. ದೊಡ್ಡ ಮನೆತನದ ಪಾರುಪತ್ಯಗಾರನಿದ್ದಂತೆ ಇದು. ಉಗ್ರಾಣದಲ್ಲಿ ಯಾವುದನ್ನು ಎಲ್ಲಿಡಬೇಕು, ಯಾರಿಗೆ ಎಷ್ಟು ಅಳೆದುಕೊಡಬೇಕು, ಬಾಗಿಲಿಗೆ ಬಂದವರಲ್ಲಿ ಯಾರನ್ನು ಒಳಗೆ ಬಿಡಬೇಕು—ಎಲ್ಲವೂ ಅವನ ಕೈಯಲ್ಲಿ. ಪತ್ರ ಬರೆಯುವ ತಂತ್ರಾಂಶವಾಗಲಿ, ಚಲಚ್ಚಿತ್ರ ತೋರಿಸುವ ತಂತ್ರಾಂಶವಾಗಲಿ ಅವನ ಅಪ್ಪಣೆಯಿಲ್ಲದೆ ಒಂದಡಿಯೂ ಇಡಲಾರದು. ಪಾರುಪತ್ಯಗಾರ ಸಮರ್ಥನಾದರೆ ಮನೆ ನೆಮ್ಮದಿ. ಅವನು ಎಚ್ಚರ ತಪ್ಪಿದರೆ ಕಳ್ಳರಿಗೆ ಹಬ್ಬ.

ಈ ಪ್ರಶ್ನೆ ಈಗೇಕೆ?

2020-21ರ ಕೊರೋನಾ ದಿನಗಳಲ್ಲಿ ಶಾಲೆ ಕಾಲೇಜುಗಳ ಬಾಗಿಲು ಮುಚ್ಚಿದಾಗ, ಮಕ್ಕಳ ಪಾಠಕ್ಕೆಂದು ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಎಷ್ಟೋ ಮನೆಗಳಿಗೆ ಮೊದಲ ಲ್ಯಾಪ್‌ಟಾಪ್ ಬಂದಿತು. ಅನುಕೂಲವಿದ್ದವರು ಹೊಸದನ್ನು ತಂದರು. ಇಲ್ಲದವರು ಬಳಸಿದ್ದನ್ನೇ ಅರ್ಧ ಬೆಲೆಗೆ ತಂದರು. ಅವುಗಳಲ್ಲಿ ಬಹುಪಾಲು ಇದ್ದದ್ದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ 10. ಅದಕ್ಕೆ ಆ ಸಂಸ್ಥೆ ಕೊಡುತ್ತಿದ್ದ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ರಂದು ನಿಂತಿತು. ಮನೆಬಳಕೆಯವರಿಗೆಂದು ಕೆಲವು ಷರತ್ತುಗಳ ಮೇಲೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಗಡುವನ್ನು ಕೊಡಲಾಯಿತು.

ಇದರ ಮುಂದಿನ ವಿಂಡೋಸ್ 11 ಬಂದದ್ದು 2021ರ ಅಕ್ಟೋಬರಿನಲ್ಲಿ. ಅದು ಎಲ್ಲ ಯಂತ್ರಗಳಲ್ಲಿಯೂ ನೆಲೆಸುವುದಿಲ್ಲ. ಕನಿಷ್ಠ 4 ಜಿಬಿ ಸ್ಮರಣೆ, 64 ಜಿಬಿ ಸಂಗ್ರಹ ಇದ್ದರೆ ಸಾಲದು, ಟಿಪಿಎಂ 2.0 ಎಂಬ ಭದ್ರತಾ ಅಂಗವೂ, ಸಾಮಾನ್ಯವಾಗಿ 2018ರ ಈಚಿನ ಸಂಸ್ಕಾರಕವೂ ಬೇಕು. ಆದುದರಿಂದ ಹೊಸ ಯಂತ್ರ ತಂದಿದ್ದವರು ಹೆಚ್ಚಾಗಿ ಪಾರಾದರು. ಹಳೆಯದನ್ನು ತಂದಿದ್ದವರಿಗೆ ಮಾತ್ರ ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ: “ಇದು ಮುಗಿಯಿತು, ಹೊಸದು ಕೊಳ್ಳಿರಿ.” ಕಡಿಮೆ ಹಣವಿದ್ದವನ ಮೇಲೆಯೇ ಹೆಚ್ಚಿನ ಹೊರೆ ಬೀಳುವುದು ಲೋಕರೂಢಿ. ನಾಲೆಯ ನೀರು ಕೊನೆಯ ಹೊಲಕ್ಕೆ ತಲುಪುವುದೋ ಇಲ್ಲವೋ ಎಂದು ಕಾಯುವ ಸಂಸಾರಕ್ಕೆ ಇನ್ನೂ ಮೂವತ್ತು ಸಾವಿರ ತರುವುದು ಸುಲಭದ ಮಾತೇ?

“ರಕ್ಷಣೆ ನಿಂತರೇನು, ಯಂತ್ರ ನಡೆಯುತ್ತಿದೆಯಲ್ಲ!” ಎನ್ನುವವರೂ ಉಂಟು. ಅವರು 2017ರ ಮೇ 12ನ್ನು ನೆನೆಯಬೇಕು. ಅಂದು ಹಬ್ಬಿದ ವಾನಾಕ್ರೈ ಎಂಬ ಕೇಡಿನ ತಂತ್ರಾಂಶ ನೂರೈವತ್ತು ದೇಶಗಳ ಎರಡು ಲಕ್ಷಕ್ಕೂ ಮೀರಿದ ಗಣಕಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ತತ್ತರಿಸಿದವು. ವಿಂಡೋಸಿನಲ್ಲಿದ್ದ ಆ ಬಿರುಕನ್ನು ಮುಚ್ಚುವ ತೇಪೆ ಅದೇ ವರ್ಷದ ಮಾರ್ಚಿನಲ್ಲಿಯೇ ಹೊರಬಿದ್ದಿತ್ತು. ಅದನ್ನು ಹಾಕಿಸಿಕೊಳ್ಳದ ಯಂತ್ರಗಳೇ ಮುಖ್ಯವಾಗಿ ಬಲಿಯಾದವು. ರಕ್ಷಣೆ ಮುಗಿದ ವ್ಯವಸ್ಥೆಗೆ ಇಂತಹ ತೇಪೆಯೇ ಬರುವುದಿಲ್ಲವೆಂದ ಮೇಲೆ, ಬ್ಯಾಂಕಿನ ವ್ಯವಹಾರವನ್ನು ಅದರ ಮೇಲೆ ನಡೆಸುವುದು ಹಿತ್ತಲ ಬಾಗಿಲು ತೆರೆದಿಟ್ಟು ಮಲಗಿದಂತೆಯೇ ಸರಿ.

ವಿಂಡೋಸ್ ಯಾರಿಗೆ?

ನಮ್ಮ ಪ್ರದೇಶದ ಅಕ್ಕಿ ಗಿರಣಿ, ಗೊಬ್ಬರದಂಗಡಿ, ಅಡತಿಗಳ ಲೆಕ್ಕವೆಲ್ಲ ಈಗ ಟ್ಯಾಲಿಯಲ್ಲಿ ಬರೆಯಲ್ಪಡುತ್ತದೆ. ಬೆಂಗಳೂರಿನ ಸಂಸ್ಥೆಯೊಂದರ ಈ ತಂತ್ರಾಂಶ ವಿಂಡೋಸಿಗೆಂದೇ ರಚಿತವಾದುದು. ಮನೆಯಲ್ಲಿ ಯಾರಾದರೂ ಲೆಕ್ಕಪತ್ರದ ವೃತ್ತಿಯಲ್ಲಿದ್ದರೆ, ಅಥವಾ ಸರ್ಕಾರಿ ಕಚೇರಿಯ ಬೆರಳಚ್ಚಿಗಾಗಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನು ಅಭ್ಯಾಸ ಮಾಡುತ್ತಿದ್ದರೆ, ವಿಂಡೋಸನ್ನೇ ಆರಿಸುವುದು ವಿವೇಕ. ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಒಗ್ಗುವುದೋ ಇಲ್ಲವೋ ಎಂಬುದನ್ನು ಮೈಕ್ರೋಸಾಫ್ಟಿನದೇ ಉಚಿತ ತಂತ್ರಾಂಶವಾದ ‘ಪಿಸಿ ಹೆಲ್ತ್ ಚೆಕ್’ ಕ್ಷಣಮಾತ್ರದಲ್ಲಿ ತಿಳಿಸುತ್ತದೆ.

ಒಂದು ಎಚ್ಚರಿಕೆ. ಇನ್ನೂರು ಮುನ್ನೂರು ರೂಪಾಯಿಗೆ ಹಾಕಿಕೊಡುವ ಪರವಾನಗಿಯಿಲ್ಲದ ವಿಂಡೋಸ್ ಬೇಡವೇ ಬೇಡ. ಬೀಗ ಒಡೆದು ಒಳಹೊಗಿಸಿದ ಪಾರುಪತ್ಯಗಾರ ತನ್ನ ಜೊತೆಗೆ ಇನ್ನಾರನ್ನು ಕರೆತಂದಿದ್ದಾನೆಂಬುದನ್ನು ಬಲ್ಲವರಾರು?

ಲಿನಕ್ಸ್ ಯಾರಿಗೆ?

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ ಗಣಕಕ್ಕೆಂದು ಒಂದು ವ್ಯವಸ್ಥೆಯ ತಿರುಳನ್ನು ಬರೆದು, ಅದನ್ನು ಲೋಕಕ್ಕೆ ಹಂಚಿದನು. ಅದೇ ಲಿನಕ್ಸ್. ಸಾವಿರಾರು ಜನ ಕೂಡಿ ಬೆಳೆಸಿದ ಈ ತಿರುಳು ಇಂದು ನಮ್ಮ ಕಿಸೆಯ ಆಂಡ್ರಾಯ್ಡ್ ಫೋನಿನಲ್ಲಿದೆ. ಜಗತ್ತಿನ ಮೊದಲ ಐನೂರು ಮಹಾಗಣಕಗಳೆಲ್ಲವೂ 2017ರಿಂದ ಇದರ ಮೇಲೆಯೇ ನಡೆಯುತ್ತಿವೆ. ಹಾಗಿರುವಾಗ ಇದನ್ನು ಬಡವರ ಪಾಲಿನ ಕಳಪೆ ವಸ್ತುವೆಂದು ಭಾವಿಸುವುದು ಸರಿಯಲ್ಲ.

ಮನೆಬಳಕೆಗೆ ಒಗ್ಗುವ ಲಿನಕ್ಸಿನ ರೂಪಗಳಲ್ಲಿ 2004ರಲ್ಲಿ ಹುಟ್ಟಿದ ಉಬುಂಟು, 2006ರ ಲಿನಕ್ಸ್ ಮಿಂಟ್ ಎರಡೂ ಪ್ರಸಿದ್ಧ. ಮಿಂಟಿನ ಮುಖ ವಿಂಡೋಸನ್ನೇ ಹೋಲುವುದರಿಂದ ಹಿರಿಯರಿಗೂ ಗಾಬರಿಯಾಗದು. 2 ಜಿಬಿ ಸ್ಮರಣೆಯಲ್ಲಿಯೇ ಅದು ಹೇಗೋ ನಡೆಯಬಲ್ಲುದು. 4 ಜಿಬಿ ಇದ್ದರೆ ಸರಾಗ. 2024ರಲ್ಲಿ ಬಂದ ಮಿಂಟ್ 22ಕ್ಕೆ 2029ರವರೆಗೆ ರಕ್ಷಣೆಯುಂಟು. ಬೆಲೆ ಏನೂ ಇಲ್ಲ. ಅಂತರಜಾಲ, ಪಾಠದ ವಿಡಿಯೋ, ಪತ್ರಲೇಖನ, ಹಾಡು, ಚಿತ್ರ—ಇಷ್ಟೇ ಬೇಕಾದ ಮನೆಗೆ ಇದು ಧಾರಾಳವಾಗಿ ಸಾಕು. ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಲಿನಕ್ಸಿನ ಮೇಲೆಯೇ ಮಕ್ಕಳಿಗೆ ಗಣಕವನ್ನು ಕಲಿಸುತ್ತಿವೆ.

ಇದರ ಕೊರತೆಗಳನ್ನೂ ಹೇಳಬೇಕು. ಟ್ಯಾಲಿ, ನುಡಿ, ಮೈಕ್ರೋಸಾಫ್ಟಿನ ಆಫೀಸ್ ಇವು ಇದರಲ್ಲಿ ನೇರವಾಗಿ ನಡೆಯುವುದಿಲ್ಲ. ಆಫೀಸಿಗೆ ಬದಲಾಗಿ ಲಿಬ್ರೆ ಆಫೀಸ್ ಇದೆ. ಕೆಲವು ಮುದ್ರಣಯಂತ್ರಗಳು ಮುನಿಸಿಕೊಳ್ಳುತ್ತವೆ. ಕೆಟ್ಟಾಗ ನೋಡಬಲ್ಲವರು ಸಣ್ಣ ಊರಿನಲ್ಲಿ ವಿರಳ. ಆದರೆ ಕೊಳ್ಳುವ ಮುನ್ನ ಎತ್ತನ್ನು ನಡೆಯಿಸಿ ನೋಡುವಂತೆ, ಇದನ್ನು ಪೆನ್‌ಡ್ರೈವಿನಿಂದಲೇ ನಡೆಯಿಸಿ ನೋಡುವ ಸೌಕರ್ಯವುಂಟು. ಯಂತ್ರದೊಳಗಿನ ಒಂದು ಕಡತವನ್ನೂ ಮುಟ್ಟಬೇಕಾಗಿಲ್ಲ.

ಉಳಿದ ಇಬ್ಬರು

ಆಪಲ್ಲಿನ ಮ್ಯಾಕ್ ವ್ಯವಸ್ಥೆ ಸೊಗಸಾದುದು. ಆದರೆ ಅದು ಆಪಲ್ ಯಂತ್ರದೊಡನೆಯೇ ಬರತಕ್ಕದ್ದು, ಬೆಲೆಯೂ ಎತ್ತರದ್ದು. ಅಧಿಕೃತ ದುರಸ್ತಿ ಎಲ್ಲಿ ದೊರೆಯುವುದೆಂದು ಮೊದಲು ವಿಚಾರಿಸಬೇಕು. ಗೂಗಲಿನ ಕ್ರೋಮ್‌ಬುಕ್ 2011ರಿಂದ ಪೇಟೆಯಲ್ಲಿದೆ, ಹಗುರ, ಅಗ್ಗ. 2021ರಿಂದೀಚಿನ ಮಾದರಿಗಳಿಗೆ ಹತ್ತು ವರ್ಷದ ರಕ್ಷಣೆಯೂ ಇದೆ. ಆದರೆ ಅದರ ಪ್ರಾಣವೆಲ್ಲ ಅಂತರಜಾಲದಲ್ಲಿರುವುದರಿಂದ, ಸಂಪರ್ಕ ಪದೇ ಪದೇ ಕಡಿಯುವ ಊರಿನಲ್ಲಿ ಅದನ್ನು ನೆಚ್ಚುವುದು ಕಷ್ಟ.

ಕನ್ನಡದ ಗತಿಯೇನು?

ಕನ್ನಡ ಕಲಿಸುವವನಾದ ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ ಮಸ್ಕಿ ಸಿಗುತ್ತದೆ. ಅಲ್ಲಿಯ ಬಂಡೆಯಲ್ಲಿ ಅಶೋಕನ ಶಾಸನವಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರ್ ಅದನ್ನು ಕಂಡನು. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದಕ್ಕೆ ಅದರಿಂದ ಸಾಕ್ಷ್ಯ ದೊರೆಯಿತು. ಎರಡು ಸಾವಿರ ವರ್ಷ ಬಂಡೆ ಉಳಿದಿತ್ತು, ಅಕ್ಷರವೂ ಉಳಿದಿತ್ತು. ಆದರೆ 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಬೀಗವನ್ನು ತೆರೆಯದೆ ಹೋಗಿದ್ದರೆ ಅದನ್ನು ಓದುವವರಿರಲಿಲ್ಲ.

ನಮ್ಮ ಗಣಕದಲ್ಲಿಯೂ ಇದೇ ಬಗೆಯ ಅನಾಹುತ ಸದ್ದಿಲ್ಲದೆ ನಡೆಯುತ್ತಿದೆ. ಹಳೆಯ ನುಡಿ, ಬರಹ ಮುಂತಾದ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡವೆಲ್ಲ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ವಿದ್ಯಾರ್ಥಿಗಳು ಮುದ್ರಣದಂಗಡಿಯಿಂದ ಬೆರಳಚ್ಚು ಮಾಡಿಸಿ ಕಳುಹಿಸಿದ ಪ್ರಬಂಧಗಳು ಹೀಗೆ ನನ್ನ ಮುಂದೆ ಬಂದಿವೆ. ಅಜ್ಜಿಯಿಂದ ಕೇಳಿ ಬರೆದ ಬೀಸುವ ಕಲ್ಲಿನ ಪದಗಳು, ತಂದೆಯ ಆತ್ಮಚರಿತ್ರೆ—ಯಾವ ಮನೆಯಲ್ಲಿ ಏನು ಹೀಗೆ ಮುಚ್ಚಿಹೋಗಿದೆಯೋ!

ಇದಕ್ಕೆ ಮದ್ದು ಯೂನಿಕೋಡ್. 1991ರಿಂದಲೇ ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿವೆ. ‘ಕ’ಕಾರದ ಸಂಖ್ಯೆ 3221, ಅದು ಜಗತ್ತಿನ ಯಾವ ಯಂತ್ರದಲ್ಲಿಯೂ 3221. ಸಿಂಧನೂರಿನ ಕ್ಯಾಂಪುಗಳಲ್ಲಿ ತೆಲುಗು, ಬಂಗಾಳಿ ಮನೆಮಾತಿನವರಿದ್ದಾರೆ. ಅವರ ಭಾಷೆಯೂ ನಮ್ಮ ಭಾಷೆಯೂ ಒಂದೇ ಪುಟದಲ್ಲಿ ಕಲಸಿಹೋಗದೆ ಕೂಡಿರುವುದು ಯೂನಿಕೋಡಿನಿಂದಲೇ. ಸಂತೋಷದ ಸಂಗತಿಯೆಂದರೆ, ಮೇಲೆ ಹೇಳಿದ ನಾಲ್ಕೂ ವ್ಯವಸ್ಥೆಗಳು ಇದನ್ನು ಬಲ್ಲವು. ವಿಂಡೋಸಿನಲ್ಲಿ 2019ರಿಂದ ಧ್ವನ್ಯಾತ್ಮಕ ಕನ್ನಡ ಕೀಲಿಮಣೆ ಅಂತರ್ಗತವಾಗಿದೆ. ಲಿನಕ್ಸಿನಲ್ಲಿ ನುಡಿಯವರಿಗೆ ಪರಿಚಿತವಾದ ‘ಕಗಪ’ ವಿನ್ಯಾಸವೇ ದೊರೆಯುತ್ತದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಸಾಧನ ನುಡಿಯಲ್ಲಿಯೂ ಬರಹದಲ್ಲಿಯೂ ಇದೆ. ಅವು ವಿಂಡೋಸಿನಲ್ಲಿ ನಡೆಯತಕ್ಕವಾದುದರಿಂದ, ಲಿನಕ್ಸಿಗೆ ಹೋಗುವವರು ಈ ಕೆಲಸವನ್ನು ಮೊದಲೇ ಮುಗಿಸಬೇಕು.

ಆರಿಸುವ ಕ್ರಮ

ಮನೆಮಂದಿಯೆಲ್ಲ ಒಮ್ಮೆ ಕುಳಿತು, ಯಾರು ಯಾವ ಕೆಲಸಕ್ಕೆ ಲ್ಯಾಪ್‌ಟಾಪ್ ಬಳಸುತ್ತಾರೆಂದು ಒಂದು ಕಾಗದದಲ್ಲಿ ಬರೆಯಿರಿ. ವಿಂಡೋಸ್ ಇಲ್ಲದೆ ಆಗದ ಕೆಲಸ ಒಂದಾದರೂ ಇದ್ದರೆ, ಯಂತ್ರಕ್ಕೆ ಶಕ್ತಿಯಿದ್ದರೆ, ವಿಂಡೋಸ್ 11. ಅಂತಹ ಕೆಲಸವಿಲ್ಲದಿದ್ದರೆ, ಅಥವಾ ಯಂತ್ರ ಹಳೆಯದಾದರೆ, ಲಿನಕ್ಸ್ ಮಿಂಟ್. ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕ್ ಇದ್ದರೆ ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿರಿ. ಹೊಸ ಲ್ಯಾಪ್‌ಟಾಪಿನ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಮುದಿ ಯಂತ್ರಕ್ಕೆ ಹರೆಯ ಬರುತ್ತದೆ.

ಏನೇ ಬದಲಾಯಿಸುವ ಮುನ್ನ ಚಿತ್ರ, ಬರಹ, ಅಂಕಪಟ್ಟಿಗಳ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದಿಡಿರಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಯಲ್ಲಿ ಒಂದು ಟನ್ನು ಅದಿರನ್ನು ಅರೆದರೆ ದೊರೆಯುವುದು ಕೆಲವೇ ಗ್ರಾಂ ಚಿನ್ನ. ಲ್ಯಾಪ್‌ಟಾಪೆಂಬುದು ಅದಿರು, ಒಳಗಿನ ಬರಹವೇ ಚಿನ್ನ. ಪಾರುಪತ್ಯಗಾರರು ಬರುತ್ತಾರೆ, ಹೋಗುತ್ತಾರೆ. ಉಗ್ರಾಣದ ಕೀಲಿಕೈ ಮಾತ್ರ ಮನೆಯವರ ಸೊಂಟದಲ್ಲಿಯೇ ಇರಬೇಕು.