ದೊಡ್ಡವರು ಕಾಣೆಯಾದಾಗ

ಎತ್ತರ ಐದೂವರೆ ಅಡಿ, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ. ಮನೆಯಿಂದ ಹೋಗುವಾಗ ಬಿಳಿ ಅಂಗಿ, ಪಂಚೆ ಧರಿಸಿದ್ದರು. ಸುಳಿವು ಸಿಕ್ಕವರು ಠಾಣೆಗೆ ತಿಳಿಸುವುದು. ಶಿವಮೊಗ್ಗದ ಪತ್ರಿಕೆಗಳ ಒಳಪುಟದಲ್ಲಿ ಬರುವ ಪೊಲೀಸ್ ಪ್ರಕಟಣೆಗಳ ಧಾಟಿ ಇದು. ಬರೆದದ್ದರಲ್ಲಿ ಕೊರತೆಯಿಲ್ಲ, ತಲುಪುವುದು ತಡ. ದೂರು ದಾಖಲಾಗಿ, ಪ್ರಕಟಣೆ ಹೊರಟು, ಅಚ್ಚಾಗಿ ಕೈಸೇರುವಷ್ಟರಲ್ಲಿ ಅಮೂಲ್ಯವಾದ ಗಂಟೆಗಳು ಕಳೆದಿರುತ್ತವೆ. ಮರೆವಿನ ಕಾಯಿಲೆಯ ಹಿರಿಯರೊಬ್ಬರು ಭದ್ರಾವತಿಯಲ್ಲಿ ರೈಲು ಹತ್ತಿದರೆ ಬೀರೂರು ಜಂಕ್ಷನ್ ಬಹಳ ದೂರವಿಲ್ಲ. ಅಲ್ಲಿಂದ ಒಂದು ಹಳಿ ಬೆಂಗಳೂರಿಗೆ, ಇನ್ನೊಂದು ಹುಬ್ಬಳ್ಳಿಗೆ. ಬೀರೂರು ದಾಟಿದ ಮೇಲೆ ಹುಡುಕಾಟ ಎರಡು ದಿಕ್ಕಿಗೆ ಹರಿದುಹೋಗುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಅರವತ್ತು ದಾಟಿದ ಭಾರತೀಯರಲ್ಲಿ ಶೇ. 7.4 ಮಂದಿಗೆ ಡಿಮೆನ್ಶಿಯಾ ಇದೆ. ವಿಐಎಸ್‌ಎಲ್ ಮತ್ತು ಎಂಪಿಎಂ ಕಾರ್ಖಾನೆಗಳಿಂದ ನಿವೃತ್ತರಾದವರು ಅಷ್ಟೊಂದು ಮಂದಿ ಇರುವ ಭದ್ರಾವತಿಗೆ ಇದು ದೂರದ ಅಂಕಿಯಲ್ಲ.

ಮಕ್ಕಳ ವಿಷಯದಲ್ಲಿ ದೇಶ ಎಚ್ಚೆತ್ತಿದೆ. ಮಗು ಕಾಣೆಯಾದರೆ ಅಪಹರಣವೋ ಕಳ್ಳಸಾಗಣೆಯೋ ಇರಬಹುದೆಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರ ಮೇ 10ರಂದು ಹೇಳಿತು. ದೊಡ್ಡವರಿಗೆ ಅಂಥ ಬಲ ಇಲ್ಲ. ಅಲೆಯುತ್ತಿರುವ ಮಾನಸಿಕ ಅಸ್ವಸ್ಥರ ಮನೆಯವರನ್ನು ಪತ್ತೆಹಚ್ಚುವ ಹೊಣೆಯನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಮು ಠಾಣಾಧಿಕಾರಿಯ ಮೇಲೆ ಹೊರಿಸಿದೆ, ಆದರೆ ಅದು ಸಿಕ್ಕವರ ಮಾತು, ಕಳೆದವರದ್ದಲ್ಲ. ಅಮೆರಿಕ ಈ ಕಂದಕವನ್ನು ಹಣದಿಂದ ತುಂಬಹೊರಟಿತು. ಮರೆವಿನವರು ಮತ್ತು ಬೆಳವಣಿಗೆಯ ವೈಕಲ್ಯವುಳ್ಳವರು ದಾರಿ ತಪ್ಪಿದರೆ ಹುಡುಕುವ ತರಬೇತಿಗೂ ಸಲಕರಣೆಗೂ ಸ್ಥಳೀಯ ಪೊಲೀಸರು, ಸೇವಾಸಂಸ್ಥೆಗಳಿಗೆ ಅನುದಾನ ಕೊಡುವ ಕಾಯ್ದೆಯನ್ನು 2018ರಲ್ಲಿ ತಂದಿತು. ಅದೇ ವರ್ಷದ ಕೊನೆಗೆ ಬಂದ ‘ಆಶಾಂಟಿ ಅಲರ್ಟ್’ ಎಂಬ ಕಾಯ್ದೆ 18ರಿಂದ 64 ವಯಸ್ಸಿನವರನ್ನೂ ಎಚ್ಚರಿಕೆ ಜಾಲದೊಳಗೆ ತಂದಿತು.

ನಮ್ಮಲ್ಲಿ ಯಂತ್ರವಿದೆ. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲ್‌ಗಳು ಒಮ್ಮೆಗೇ ಜೋರಾಗಿ ಸದ್ದು ಮಾಡಿದ್ದು ತುರ್ತು ಎಚ್ಚರಿಕೆಯ ಪ್ರಯೋಗದ ಸಂದೇಶಕ್ಕೆ. ಇಲ್ಲದಿರುವುದು ಜಿಲ್ಲೆಯ ಕೈಯಲ್ಲಿ ಮೀಸಲು ಹಣ. 2013ರಲ್ಲಿ 1,000 ಕೋಟಿ ರೂಪಾಯಿಯೊಂದಿಗೆ ಶುರುವಾದ ನಿರ್ಭಯಾ ನಿಧಿಯ ಮಾದರಿಯಲ್ಲಿ ಪ್ರತ್ಯೇಕ ಅನುದಾನ ಬಂದರೆ, ದೂರು ಕೊಟ್ಟ ಗಂಟೆಯೊಳಗೆ ಫೋಟೊ ಬಸ್ ನಿಲ್ದಾಣ, ಆಟೊ ಸ್ಟ್ಯಾಂಡ್, ರೈಲ್ವೆ ಪೊಲೀಸರು, ಮೆಗ್ಗಾನ್ ಆಸ್ಪತ್ರೆಗೆ ತಲುಪಿಸುವ ಸಿಬ್ಬಂದಿಯನ್ನು ಇಡಬಹುದು. ಹಣದ ಬಹುಪಾಲು ಕ್ಯಾಮೆರಾಕ್ಕಲ್ಲ, ಇಂಥ ಜನರಿಗೆ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ದೊಡ್ಡವರಿಗೆ ಮನೆ ಬಿಡುವ ಸ್ವಾತಂತ್ರ್ಯವಿದೆಯಲ್ಲ ಎಂಬ ಆಕ್ಷೇಪ ಗಟ್ಟಿಯಾದದ್ದು. ಇಷ್ಟಪಟ್ಟವನ ಜೊತೆ ಹೊರಟ ಇಪ್ಪತ್ತರ ಯುವತಿಯನ್ನು ಹಿಡಿದು ತರಲು ಈ ವ್ಯವಸ್ಥೆ ಮನೆಯವರ ಆಯುಧವಾದರೆ ಅದು ಇಲ್ಲದಿರುವುದೇ ಮೇಲು. ಹಾಗಾಗಿ ಕಾಯಿಲೆಯ ದಾಖಲೆ ಅಥವಾ ಅಪಾಯದ ಸ್ಪಷ್ಟ ಸುಳಿವು ಇದ್ದರಷ್ಟೇ ಎಚ್ಚರಿಕೆ ಹೊರಡಬೇಕು; ಸಿಕ್ಕವರು ಸ್ವಂತ ನಿರ್ಧಾರ ಹೇಳಬಲ್ಲವರಾದರೆ, ಅವರ ಒಪ್ಪಿಗೆಯಿಲ್ಲದೆ ವಿಳಾಸವನ್ನು ಮನೆಯವರಿಗೆ ಕೊಡಕೂಡದು. ದಿನಕ್ಕೊಂದು ಸದ್ದಾದರೆ ಜನ ಕಿವಿಗೊಡುವುದಿಲ್ಲ ಎನ್ನುವುದೂ ನಿಜ. ಅದಕ್ಕೇ ಸಂದೇಶ ಇಡೀ ರಾಜ್ಯಕ್ಕಲ್ಲ, ಆ ಊರಿಗೆ, ಆ ರೈಲು ಮಾರ್ಗಕ್ಕೆ ಮಾತ್ರ ಹೋಗಲಿ.

ಅನುದಾನ ಬರುವ ತನಕ ಓದುಗರು ಒಂದನ್ನು ನೆನಪಿಡಿ: ದೂರು ಕೊಡಲು 24 ಗಂಟೆ ಕಾಯಬೇಕೆಂಬ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಮನೆಯ ಹಿರಿಯರು ಕಾಣದಿದ್ದರೆ ಆಗಲೇ 112ಕ್ಕೆ ಕರೆ ಮಾಡಿ, ಇತ್ತೀಚಿನ ಫೋಟೊದೊಂದಿಗೆ ಹತ್ತಿರದ ಠಾಣೆಗೆ ಹೋಗಿ.