ಅಡಿಕೆಯೋ, ಹೊಗೆಸೊಪ್ಪೋ?

ಒಂದು ವಸ್ತು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಯೇ ಎಂಬುದನ್ನು ನೇರವಾಗಿ ಪರೀಕ್ಷಿಸಿ ನೋಡುವಂತಿಲ್ಲ. ಒಂದಷ್ಟು ಜನರಿಗೆ ಅದನ್ನು ದಶಕಗಟ್ಟಲೆ ತಿನ್ನಿಸಿ, ಗಡ್ಡೆ ಬರುವವರೆಗೆ ಕಾಯುತ್ತ ಕೂರಲು ಯಾವ ನೀತಿಯೂ ಒಪ್ಪುವುದಿಲ್ಲ. ಹಾಗಾಗಿ ಈ ವಿದ್ಯೆಯೆಲ್ಲ ಬಳಸುದಾರಿಯದು. ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ (ಐಎಆರ್‌ಸಿ) ವಿಶ್ವ ಆರೋಗ್ಯ ಸಂಸ್ಥೆಯ ಅಂಗ. 1970ರ ದಶಕದ ಆರಂಭದಿಂದಲೂ ಅದು ಈ ಕೆಲಸಕ್ಕೆ ಹೊರಗಿನ ತಜ್ಞರನ್ನು ಕರೆಸುತ್ತಿದೆ. ಅವರು ಪ್ರಕಟಿತ ಅಧ್ಯಯನಗಳನ್ನು ಮೂರು ರಾಶಿ ಮಾಡಿಕೊಂಡು ತೂಗುತ್ತಾರೆ: ಜನರಲ್ಲಿ ಕಂಡದ್ದು, ಪ್ರಾಣಿಗಳಲ್ಲಿ ಕಂಡದ್ದು, ಜೀವಕೋಶದೊಳಗೆ ನಡೆಯುವುದು. ಈ ಮೂರರಲ್ಲಿ ಯಾವುದೊಂದೂ ಒಂಟಿಯಾಗಿ ಎಲ್ಲ ಸಂಶಯವನ್ನೂ ಕಳೆಯುವುದು ಅಪರೂಪ. ಒಂದರ ಕೊರತೆಯನ್ನು ಇನ್ನೊಂದು ಎಲ್ಲಿ ತುಂಬಿತು ಎಂದು ನೋಡಿದರೆ ಮಾತ್ರ ತೀರ್ಪಿನ ಗಟ್ಟಿತನ ತಿಳಿಯುತ್ತದೆ. ಅದಕ್ಕೆ ನಮ್ಮ ಅಡಿಕೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

1985ರಲ್ಲಿ ಹೊರಬಂದ ತೀರ್ಪು ಎರಡು ತುಂಡಾಗಿತ್ತು. ಹೊಗೆಸೊಪ್ಪು ಸೇರಿಸಿದ ಕವಳ ಬಾಯಿ ಕ್ಯಾನ್ಸರಿಗೆ ಕಾರಣ. ಹೊಗೆಸೊಪ್ಪಿಲ್ಲದ ಕವಳದ ಬಗ್ಗೆ ಸಾಕ್ಷ್ಯ ಸಾಲದು. ಸಾಲದು ಎಂದರೆ ನಿರ್ದೋಷಿ ಎಂದಲ್ಲ. ಭಾರತದಲ್ಲಿ ಎಲೆಯಡಿಕೆ ಹಾಕುವವರಲ್ಲಿ ಬಹಳ ಮಂದಿ ಜೊತೆಗೆ ಹೊಗೆಸೊಪ್ಪನ್ನೂ ಅಗಿಯುತ್ತಾರೆ; ಹಾನಿ ಕಂಡಾಗ ಯಾವುದರ ಪಾಲು ಎಷ್ಟೆಂದು ಬಿಡಿಸುವುದು ಕಷ್ಟ. ಗಂಟು ಬಿಚ್ಚಲು ನೆರವಾದದ್ದು ತೈವಾನ್. ಅಲ್ಲಿನ ಜನ ಅಡಿಕೆಗೆ ಸುಣ್ಣ, ವೀಳ್ಯ ಸೇರಿಸುತ್ತಾರೆ, ಹೊಗೆಸೊಪ್ಪು ಸೇರಿಸುವುದಿಲ್ಲ. ಆದರೆ ಅಗಿಯುವವರಲ್ಲಿ ಅನೇಕರು ಸಿಗರೇಟು ಸೇದುತ್ತಾರೆ, ಮದ್ಯವನ್ನೂ ಕುಡಿಯುತ್ತಾರೆ. ಸಂಶೋಧಕರು ಅವುಗಳ ಪ್ರಭಾವವನ್ನು ಲೆಕ್ಕದಿಂದ ಕಳೆದು, ಸೇದದವರನ್ನು ಬೇರೆಯಾಗಿಯೂ ಹೋಲಿಸಿ ನೋಡಿದರು. ಬಾಯಿ ಕ್ಯಾನ್ಸರಿನ ಸಂಭವ ಆಗಲೂ ಹೆಚ್ಚೇ ಉಳಿಯಿತು. ಅಗಿಯುವ ಪ್ರಮಾಣ ಏರಿದಂತೆ ಅದೂ ಏರಿತು. ಇತ್ತ ಭಾರತದ ವೈದ್ಯರು ಬಾಯಿಯ ಒಳಪದರ ನಾರುಗಟ್ಟಿ, ದವಡೆ ಬಿಗಿದು, ಬಾಯಿ ತೆರೆಯಲಾಗದ ಸ್ಥಿತಿಯನ್ನು ದಶಕಗಳಿಂದ ಕಂಡಿದ್ದರು. ಬರೀ ಅಡಿಕೆ ಅಗಿಯುವವರಲ್ಲೂ ಅದು ಕಾಣಿಸುತ್ತದೆ, ಮುಂದೆ ಕ್ಯಾನ್ಸರಿಗೆ ತಿರುಗಬಲ್ಲದು. ಪ್ರಯೋಗಾಲಯದ ಪ್ರಾಣಿಗಳಲ್ಲೂ ಅಡಿಕೆ ಗಡ್ಡೆ ತಂದಿತು. ಸುಣ್ಣದ ಕ್ಷಾರದಲ್ಲಿ ಅಡಿಕೆಯ ಪಾಲಿಫಿನಾಲುಗಳು ಜೀವಕೋಶದ ಡಿಎನ್‌ಎಯನ್ನು ಕೆಡಿಸುವ ಆಮ್ಲಜನಕ ಕಣಗಳನ್ನು ಹುಟ್ಟಿಸುತ್ತವೆ ಎಂಬುದೂ ತಿಳಿಯಿತು. 2003ರಲ್ಲಿ ಸೇರಿದ ತಜ್ಞರು ಹೊಗೆಸೊಪ್ಪಿಲ್ಲದ ಕವಳವನ್ನೂ ಅಡಿಕೆಯನ್ನೂ ಗುಂಪು 1ಕ್ಕೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎಂಬ ಸಾಲಿಗೆ, ಸೇರಿಸಿದರು.

ಇಲ್ಲಿ ಒಂದು ಚುರುಕಾದ ಆಕ್ಷೇಪ ಏಳಬಹುದು. ಅಡಿಕೆಯ ಮುಖ್ಯ ಸಾರ ಅರೆಕೋಲಿನ್. ಅದನ್ನು ಇದೇ ಸಂಸ್ಥೆ 2020ರಲ್ಲಿ ಪರಿಶೀಲಿಸಿ ಇಟ್ಟದ್ದು ‘ಇರಬಹುದು’ ಎಂಬಷ್ಟೇ ಹೇಳುವ 2ಬಿ ಗುಂಪಿನಲ್ಲಿ. ಸಾರಕ್ಕೆ ಅನುಮಾನದ ಲಾಭ, ಇಡೀ ಕಾಯಿಗೆ ಶಿಕ್ಷೆಯೇ? ವಿರೋಧಾಭಾಸದಂತೆ ಕಂಡರೂ ಇದು ಪದ್ಧತಿಯ ಪ್ರಾಮಾಣಿಕತೆಯೇ ಸರಿ. ಜನ ಅಗಿಯುವುದು ಅಡಿಕೆಯನ್ನು, ಶುದ್ಧ ಅರೆಕೋಲಿನ್ನನ್ನಲ್ಲ. ಆದ್ದರಿಂದ ಅದೊಂದರ ಬಗ್ಗೆ ಜನರಲ್ಲಿ ಕಂಡ ಸಾಕ್ಷ್ಯ ಸಿಗುವುದೇ ಕಷ್ಟ. ಗುಂಪಿನ ಸಂಖ್ಯೆ ಸಾಕ್ಷ್ಯದ ಬಲವನ್ನು ಹೇಳುತ್ತದೆ, ವಿಷದ ಬಲವನ್ನಲ್ಲ. ಪತ್ರಿಕೆಗಳ ತಲೆಬರಹ ಎಡವುವುದು ಇಲ್ಲೇ. 2015ರಲ್ಲಿ ಸಂಸ್ಕರಿಸಿದ ಮಾಂಸ ಗುಂಪು 1 ಸೇರಿದಾಗ ‘ಸಿಗರೇಟಿನಷ್ಟೇ ಅಪಾಯ’ ಎಂಬ ಗುಲ್ಲೆದ್ದಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಂಭವ ಸುಮಾರು ಶೇಕಡಾ 18 ಹೆಚ್ಚುತ್ತದೆ ಎಂಬುದು ಆ ತಜ್ಞರ ಅಂದಾಜಾಗಿತ್ತು. ಸಿಗರೇಟು ಶ್ವಾಸಕೋಶದ ಕ್ಯಾನ್ಸರ್ ಸಂಭವವನ್ನು ಹತ್ತು ಪಟ್ಟಿಗೂ ಮೀರಿ ಏರಿಸುತ್ತದೆ. ಎರಡೂ ಒಂದೇ ಗುಂಪಿನಲ್ಲಿವೆ.

ಒಮ್ಮೆ ಹೆಸರು ಕೆಟ್ಟರೆ ಕೆಟ್ಟಿತೇ ಎಂದರೆ, ಹಾಗೂ ಇಲ್ಲ. ಇಲಿಗಳ ಮೂತ್ರಕೋಶದಲ್ಲಿ ಗಡ್ಡೆ ತಂದ ಸ್ಯಾಕರಿನ್ ಒಂದು ಕಾಲಕ್ಕೆ 2ಬಿಯಲ್ಲಿತ್ತು. ಅದು ಇಲಿಯ ಮೂತ್ರದ ವಿಶೇಷ ಗುಣದಿಂದ ಆಗುವುದು, ಮನುಷ್ಯರಿಗೆ ಅನ್ವಯಿಸದು ಎಂದು ಗೊತ್ತಾದ ಮೇಲೆ ಸ್ಯಾಕರಿನ್ ಗುಂಪು 3ಕ್ಕೆ, ಅಂದರೆ ಹೀಗೆಂದು ವರ್ಗೀಕರಿಸಲಾಗದು ಎಂಬ ಸಾಲಿಗೆ, ಇಳಿಯಿತು. ಕಾಫಿಗೂ 2016ರಲ್ಲಿ ಅದೇ ಬಿಡುಗಡೆ ಸಿಕ್ಕಿತು.

‘ನಮ್ಮಜ್ಜಿ ತೊಂಬತ್ತರವರೆಗೂ ಕವಳ ಹಾಕಿದರು’ ಎಂಬ ವಾದಕ್ಕೆ ಉತ್ತರ ಸರಳ: ಸಂಭವ ಹೆಚ್ಚುವುದೆಂದರೆ ಎಲ್ಲರಿಗೂ ಬಂದೇ ಬರುವುದೆಂದಲ್ಲ, ಬದುಕುಳಿದವರಷ್ಟೇ ಈ ಮಾತಿನಲ್ಲಿ ಕಾಣಿಸುತ್ತಾರೆ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ಕರ್ನಾಟಕದ ಬೆಳೆಗಾರರ ಆಕ್ಷೇಪ ಇದಕ್ಕಿಂತ ತೂಕದ್ದು. ಗುಟ್ಕಾದ ಪಾಪವನ್ನು ಅಡಿಕೆಯ ತಲೆಗೆ ಕಟ್ಟಿದ್ದಾರೆ, ಊಟದ ಮೇಲಿನ ಒಂದು ತಾಂಬೂಲಕ್ಕೂ ದಿನವಿಡೀ ಅಗಿಯುವುದಕ್ಕೂ ವ್ಯತ್ಯಾಸವಿಲ್ಲವೇ ಎನ್ನುತ್ತಾರೆ ಅವರು. ವ್ಯತ್ಯಾಸ ಇದ್ದೇ ಇದೆ. ಎಷ್ಟು ತಿಂದರೆ ಎಷ್ಟು ಅಪಾಯ ಎಂಬುದನ್ನು ಗುಂಪು 1 ಎಂಬ ಹಣೆಪಟ್ಟಿ ಹೇಳುವುದಿಲ್ಲ; ಅದನ್ನು ಬೇರೆಯೇ ಅಳೆಯಬೇಕು. ಅಡಿಕೆಯಿಂದ ಬದುಕುವ ಕುಟುಂಬಗಳಿಗೆ ಏನು ದಾರಿ ಎಂಬುದಂತೂ ಸರ್ಕಾರ ಉತ್ತರಿಸಬೇಕಾದ ಪ್ರಶ್ನೆ. ಆದರೆ ಅಡಿಕೆಗೆ ಕಳಂಕವೇ ಇಲ್ಲ ಎಂದು ತೋರಿಸಬೇಕೆಂದರೆ ಅದರಲ್ಲಿರುವ ಒಂದೆರಡು ಔಷಧೀಯ ಗುಣಗಳನ್ನು ಎತ್ತಿಹಿಡಿದರೆ ಸಾಲದು. ಹೊಗೆಸೊಪ್ಪು ಮುಟ್ಟದ, ಸೇದದ ಜನ ಅಗಿದಷ್ಟೂ ಹೆಚ್ಚು ಕ್ಯಾನ್ಸರಿಗೆ ತುತ್ತಾದದ್ದೇಕೆ, ಬರೀ ಅಡಿಕೆಯಿಂದಲೇ ಬಾಯಿ ನಾರುಗಟ್ಟುವುದೇಕೆ ಎಂಬೆರಡಕ್ಕೂ ಅಡಿಕೆಯನ್ನು ಬಿಟ್ಟು ಬೇರೊಂದು ಕಾರಣವನ್ನು ಮುಂದಿಡಬೇಕಾಗುತ್ತದೆ.